ನಾದಿನಿ ನಡೆದ ಬೀದಿ

ಕಂಬಂ ಪೇಟೆಯ ಹಿಂದಿನ ನಮ್ಮ ಬೀದಿಯನ್ನು ಕಂಡರೆ ನನ್ನ ನಾದಿನಿಗೆ ಆಗುವುದಿಲ್ಲ. ದ್ರಾಕ್ಷಿ ತೋಟ ಕಡಿಸಿ ಮಾಡಿದ ಊರಾಚೆಯ ಬಡಾವಣೆಯಲ್ಲಿ ಅವಳ ಮನೆ. ಅಲ್ಲಿ ಬೆಂಕಿಪೊಟ್ಟಣ ಬೇಕಾದರೂ ಕಾರು ತೆಗೆಯಬೇಕು, ಮಗಳಿಗೆ ಆಡಲು ಒಂದು ನರಪಿಳ್ಳೆ ಇಲ್ಲ. ಹಾಗಾಗಿ ಭಾನುವಾರ ಬಂತೆಂದರೆ ಮಗುವನ್ನು ತಂದು ನಮ್ಮ ಬೀದಿಯ ಬಾಯಲ್ಲಿ ಇಳಿಸುತ್ತಾಳೆ. ತಾನು ಮಾತ್ರ ಕಾರಿನಿಂದ ಕಾಲು ಕೆಳಗಿಡುವುದಿಲ್ಲ. "ಈ ಸಂದು ತೆರುವ್ನಾಗೆ ಮಕ್ಳ ಹೆಂಗೆ ಸಾಕ್ತೀರೋ ಅಣ್ಣಿ!" ಎಂದು ಅತ್ತಿಗೆಯಾದ ನನಗೆ ಹೇಳಿ, ಇಕ್ಕಟ್ಟು ಬೀದಿಯತ್ತ ಮೂಗು ಮುರಿದು ಹೋಗುತ್ತಾಳೆ. ನನ್ನ ಮಕ್ಕಳು ಶಾಲೆಗೂ ಅಂಗಡಿಗೂ ನಡೆದೇ ಹೋಗುವುದು ಅವಳ ಕಣ್ಣಿಗೆ ಬಡತನ.

ಕಳೆದ ಭಾನುವಾರ ಸಂಜೆ ಅವಳು ಎಷ್ಟು ಹಾರ್ನ್ ಹೊಡೆದರೂ ಮಗಳು ಹೊರಗೆ ಬರಲಿಲ್ಲ. ಕೊನೆಗೆ ಕಾರಿಳಿದು, ಎತ್ತರದ ಚಪ್ಪಲಿ ಎಳೆದುಕೊಂಡು ನಮ್ಮ ಜಗಲಿಯವರೆಗೂ ಬಂದು, "ಎಲ್ಲಿ ನನ್ ಮಗ್ಳು?" ಎಂದಳು.

"ಯಾವ್ ಮನ್ಯಾಗೆ ಐದಾಳೋ ನಂಗೇನ್ ಗೊತ್ತು? ಮನೆಮನೆಗೂ ನಡ್ದು ನೋಡ್ಕೋ" ಎಂದೆ.

ಅವಳು ಒಂದೊಂದೇ ಬಾಗಿಲು ಬಡಿಯುತ್ತ, ಬೈಯುತ್ತ, ಬೀದಿಯ ಕೊನೆಯವರೆಗೂ ನಡೆದಳು. ನಾನು ಜಗಲಿಯ ಮೇಲೆ ಕಾಲು ಚಾಚಿ ಕೂತು ನೋಡಿದೆ. ಮಗು ನನ್ನ ಬೆನ್ನ ಹಿಂದಿನ ಬಾಗಿಲ ಸಂದಿಯಲ್ಲಿ ಉಸಿರು ಬಿಗಿಹಿಡಿದು ನಿಂತಿತ್ತು.