ಎಣಿಸಬಾರದ ಮಕ್ಕಳು

ಮಾಸ್ತರಿಕೆ ಸಿಕ್ಕ ಮೊದಲ ವರ್ಷ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಐವತ್ತರ ದಶಕದ ಆರಂಭವದು. ಜತ್ತ ತಾಲೂಕಿನಲ್ಲಿ, ಮುಚ್ಚಂಡಿಯಿಂದ ನಡೆದೇ ಹೋಗಬೇಕಾದ ಒಂದು ಸಣ್ಣ ಊರು, ಒಂದೇ ಕೋಣೆಯ ಕನ್ನಡ ಶಾಲೆ, ನಾನೊಬ್ಬನೇ ಮಾಸ್ತರ. ತಲೆಗೆ ಟೊಪ್ಪಿಗೆ, ಕೈಯಲ್ಲಿ ಛಡಿ, ಮೂಗಿನ ತುದಿಯಲ್ಲಿ ಸಿಟ್ಟು.

ಶಾಲೆಗೆ ಬರಲೊಲ್ಲದ ಮಕ್ಕಳಿಗೆ ಆಗ ಇದ್ದದ್ದು ಒಂದೇ ಮದ್ದು. ನಾಲ್ವರು ದೊಡ್ಡ ಹುಡುಗರನ್ನು ಕಳಿಸಿದರೆ ಅವರು ಕೈಕಾಲು ಹಿಡಿದು ಹೊತ್ತು ತರುತ್ತಿದ್ದರು. ನನ್ನನ್ನೂ ಹಾಗೆಯೇ ತಂದಿದ್ದರು. ಹಾಗೆ ಬಂದವನೇ ಮಾಸ್ತರನಾಗಲಿಲ್ಲವೇ ಎಂಬ ಜಂಬ ಬೇರೆ ನನಗೆ.

ಆ ವರ್ಷ ಕುರಿ ಕಾಯುವವರ ಹಟ್ಟಿಯಿಂದ ಒಬ್ಬ ಹುಡುಗಿ ಒಂದನೆಯ ಇಯತ್ತೆಗೆ ಬಂದಳು. ದಿನಾ ಬಂದು ಕೂರುವಳು. ಹಾಜರಿ ಮುಗಿಯುವ ಮೊದಲೇ ಎದ್ದು ಓಡುವಳು. ಹಟಮಾರಿ ಎಂದುಕೊಂಡೆ. ನಾಲ್ವರನ್ನು ಕಳಿಸಿದೆ. ಒಬ್ಬನ ಕೈ ಕಚ್ಚಿದಳು, ಇನ್ನೊಬ್ಬನ ಅಂಗಿ ಹರಿದಳು, ಮರುದಿನದಿಂದ ಬರುವುದನ್ನೇ ಬಿಟ್ಟಳು. ಅವಳ ಅಪ್ಪ ಎಂಟು ದಿನಗಳಲ್ಲಿ ಕುರಿ ಹೊಡೆದುಕೊಂಡು ದೂರದ ಹೊಲಗಳಿಗೆ ಹೊರಡುವವನಿದ್ದ. ಶಾಲೆಗೆ ಹೊಂದಿಕೊಂಡರೆ ಮಗಳು ಅಜ್ಜಿಯ ಹತ್ತಿರ ಉಳಿಯಲಿ, ಇಲ್ಲವಾದರೆ ಕುರಿಗಳ ಸಂಗಡ ಬರಲಿ ಎಂದು ಹೇಳಿಬಿಟ್ಟಿದ್ದ. ಹಾಗೆ ಹೋದ ಮಕ್ಕಳು ಮತ್ತೆ ಪಾಟಿ-ಬಳಪ ಹಿಡಿದದ್ದನ್ನು ನಾನು ಕಂಡಿರಲಿಲ್ಲ.

ಜಗಳಕ್ಕೆಂದೇ ಹಟ್ಟಿಗೆ ಹೋದೆ. ಅಜ್ಜಿ ಕಂಬಳಿ ಹಾಸಿ ಕೂರಿಸಿದಳು.

“ಸಿಟ್ಟಾಗಬ್ಯಾಡ್ರಿ ಮಾಸ್ತರ್ರ. ನಮ್ಮ ಹಟ್ಟ್ಯಾಗ ಜೀವ ಇದ್ದದ್ದನ್ನ ಎಣಸಾಂಗಿಲ್ರಿ. ಎಣಸಿದ್ರ ಒಂದ ಕಮ್ಮಿ ಆಗ್ತೈತಿ ಅಂತಾರ. ನೀವು ದಿನಾ ಒಬ್ಬೊಬ್ಬರ ತಲಿಗೆ ಛಡಿ ಹಚ್ಚಿ ಎಣಸ್ತೀರಂತ. ಇವತ್ತ ಕಮ್ಮಿ ಆಗಾಕಿ ನಾನs ಅಂತ ಹುಡುಗಿ ನಡಗತೈತ್ರಿ.”

ನಿಜ. ಹಾಜರಿ ಕೂಗಿದ ಮೇಲೆ ತಲೆ ಮುಟ್ಟಿ ಎಣಿಸಿ ಕರಿಹಲಗೆಯ ಮೂಲೆಯಲ್ಲಿ ಬರೆಯುವುದು ನನ್ನ ಶಿಸ್ತಾಗಿತ್ತು. ಅದೇ ಆ ಮಗುವಿಗೆ ಸಾವಿನ ಲೆಕ್ಕವಾಗಿ ಕಂಡಿತ್ತು. ನನಗೆ ನಾಚಿಕೆಯಾಯಿತು, ಆದರೂ ಮಾಸ್ತರನ ಬಾಯಿ ಸುಮ್ಮನಿರಬೇಕಲ್ಲ.

“ಮತ್ತ ಕುರಿ ಕಳದ್ರ ನಿಮಗ ಹೆಂಗ ಗೊತ್ತಾಗ್ತೈತಿ, ಆಯಿ?”

“ಮಾರಿ ನೋಡಿದ್ರ ಗೊತ್ತಾಗ್ತೈತ್ರಿ. ಯಾರ ಬಂದಿಲ್ಲ ಅನ್ನೂದು ಕಣ್ಣಿಗೆ ಕಾಣಸ್ತೈತಿ. ಈಕೀನೂ ಹೇಳ್ತಾಳ.”

ಅಜ್ಜಿಯ ಬೆನ್ನ ಹಿಂದೆ ಅಡಗಿದ್ದ ಹುಡುಗಿಗೆ ಹೇಳಿದೆ: “ನಾಳಿಯಿಂದ ನಾ ಎಣಸೂದಿಲ್ಲವ್ವ. ನೀನs ಬಾಗಲದಾಗ ನಿಂತು ನೋಡಿ, ಯಾರ ಬಂದಿಲ್ಲ ಹೇಳು.”

ಮರುದಿನ ಬಂದಳು. ಬಾಗಿಲಿಗೆ ಆತು ನಿಂತು ಎಲ್ಲರ ಮುಖದ ಮೇಲೂ ಒಮ್ಮೆ ಕಣ್ಣಾಡಿಸಿ, ಬಾರದವರನ್ನು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಹಾಜರಿ ಕೂಗಿ ನೋಡಿದರೆ ಒಂದೂ ತಪ್ಪಿಲ್ಲ! ನಾಲ್ಕು ದಿನ ಹೀಗೇ ನಡೆಯಿತು. ಪಿಸುಮಾತು ಬಿಟ್ಟರೆ ಬಾಯಿ ಮಾತ್ರ ತೆರೆಯಲಿಲ್ಲ.

ಐದನೆಯ ದಿನ ಹೇಳದೆ ಕೇಳದೆ ತಪಾಸಣೆಯ ಸಾಹೇಬರು ಬಂದರು. ಬಂದವರೇ ಮೇಜಿನ ಮೇಲಿನ ಛಡಿ ಎತ್ತಿಕೊಂಡು, ಮೊದಲ ಸಾಲಿನ ತಲೆಗಳನ್ನು ಮುಟ್ಟಿ ಎಣಿಸತೊಡಗಿದರು. ಮಗಳು ಶಾಲೆಗೆ ಹೊಂದಿಕೊಂಡಳೋ ಇಲ್ಲವೋ ಎಂದು ಹೊರಡುವ ಮುನ್ನ ನೋಡಲು ಬಂದಿದ್ದ ಅಪ್ಪ ಕಿಟಕಿಯಾಚೆ ನಿಂತಿದ್ದ. ಇವಳು ಈಗ ಓಡುತ್ತಾಳೆ, ಓಡಿದರೆ ಮುಗಿಯಿತು. ಸಾಹೇಬರನ್ನು ತಡೆಯೋಣವೆಂದರೆ ಹೊಸ ನೌಕರಿ.

ಹುಡುಗಿ ಎದ್ದಳು. ಆದರೆ ಬಾಗಿಲ ಕಡೆ ಹೋಗಲಿಲ್ಲ. ನೆಟ್ಟಗೆ ಸಾಹೇಬರ ಮುಂದೆ ಬಂದು ನಿಂತಳು.

“ಎಣಸಬ್ಯಾಡ್ರಿ, ನಾ ಹೇಳ್ತೀನಿ. ಯಾರ ಬಂದಿಲ್ಲ ನನಗ ಗೊತ್ತೈತ್ರಿ. ಒಬ್ಬಾಂವಗ ಜ್ವರ ಬಂದಾವು. ಇನ್ನೊಬ್ಬಾಕಿ ಸಾಲಿಗೆ ಬರಾಕ ಅಂಜ್ಯಾಳ್ರಿ.”

ಸಾಹೇಬರು ಹಾಜರಿ ಪುಸ್ತಕ ತಿರುವಿ ನೋಡಿ, ಛಡಿಯನ್ನು ಮೇಜಿನ ಮೇಲಿಟ್ಟರು. “ಹಂಗಾರ ಆಕೀನ್ನ ಹೊತಗೊಂಡ ಬರಾಕ ಹುಡುಗೂರ್ನ ಕಳಸ್ರಿ ಮಾಸ್ತರ್ರ,” ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು: “ಬ್ಯಾಡ್ರಿ. ಆಕಿ ಕಡೆ ನಾ ಹೋಗ್ತೀನಿ. ಯಾಕ ಅಂಜ್ತಿ ಅಂತ ಆಕೀನ್ನ ಯಾರೂ ಕೇಳೇ ಇಲ್ರಿ.”