ಮೆಟ್ಟಿಲು ಹತ್ತಿಸಿ ನೋಡಿದ ಎದೆ

ಎಪ್ಪತ್ತೆಂಟನೇ ಇಸವಿಯಲ್ಲಿ ನನ್ನ ಎದೆ ಪರೀಕ್ಷೆಗೆ ನಲವತ್ತು ರೂಪಾಯಿ ಆಯಿತು. ಮಲಗಿಸಿ ಒಮ್ಮೆ, ಮೆಟ್ಟಿಲು ಹತ್ತಿಳಿಸಿ ಇನ್ನೊಮ್ಮೆ ಇಸಿಜಿ ತೆಗೆಯುವುದರಿಂದ ಡಾಕ್ಟರು ಐದು ರೂಪಾಯಿಯೂ ಕಡಿಮೆ ಮಾಡಲಿಲ್ಲ. ನಾನು ಹರಿಹರದಲ್ಲಿ ಸೀರೆ ಗಂಟು ಹೊತ್ತು ಮಾರುತ್ತಿದ್ದವನು. ಎದೆ ಕೆಟ್ಟಿದ್ದರೆ ವ್ಯಾಪಾರವೇ ನಿಲ್ಲುತ್ತಿತ್ತು. ಹಾಗಾಗಿ ದಾವಣಗೆರೆಯ ಡಾಕ್ಟರ ಮುಂದೆ, ಚೌಕಾಸಿಯಲ್ಲಿ ಮಾಡುವಂತೆ, ಮುಖದಲ್ಲಿ ಏನೂ ತೋರಿಸದೆ ಮರದ ಮೆಟ್ಟಿಲು ಹತ್ತಿಳಿದೆ.

"ಮುಖ ಯಾಕ ಬಿಗಿ ಹಿಡದೀರಿ ಸಾವ್ಕಾರ್ರೆ? ನಾನೇನು ಸೀರೆ ಕೊಳ್ಳಾಕ ಬಂದೀನೇನು? ಎದಿ ನೋಯ್ತೈತೇನು, ಹೇಳ್ರಿ," ಎಂದರು ಡಾಕ್ಟರು.

"ನೋವಿಲ್ರಿ, ದಮ್ಮು ಹತ್ತೈತೆ," ಎಂದು ಒಪ್ಪಿಕೊಂಡೆ.

ಇಸಿಜಿ ಕಾಗದ ನೋಡಿ ನಕ್ಕರು. "ಎದಿ ಗಟ್ಟಿ ಐತೆ. ಬೀಡಿ ಬಿಡ್ರಿ."

ಹೋದ ಜೀವ ಬಂದಂತಾಯಿತು.

ನೀವು ಇಂಥ ಪರೀಕ್ಷೆಗೆ ಹೋಗುವಾಗ ಹೊಟ್ಟೆ ತುಂಬ ಉಣ್ಣಬೇಡಿ, ನುಂಗುವ ಮಾತ್ರೆಗಳನ್ನು ಮೊದಲೇ ತಿಳಿಸಿ. ಮೆಟ್ಟಿಲು ಹತ್ತುವಾಗ ಎದೆ ಹಿಡಿದರೆ ಆ ಕ್ಷಣವೇ ಹೇಳಿಬಿಡಿ. ಅಲ್ಲಿ ಬಚ್ಚಿಟ್ಟರೆ ನಷ್ಟ ನಿಮಗೇ.