ಆಚೆ ದಡದ ಹಾಜರಿ

ಮೂಡಿಗೆರೆಗೆ ಬಂದ ಹನ್ನೊಂದನೆಯ ದಿನ, ಜೂನ್ ತಿಂಗಳ ಮೂರನೆಯ ಭಾನುವಾರ, ಒಂದು ಕಾಫಿ ಗೋದಾಮಿನೊಳಗೆ ಹದಿನೇಳು ಜನ ವಾದ್ಯಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದನ್ನು ನೋಡಿದೆ. ಯಾರೂ ನುಡಿಸುತ್ತಿರಲಿಲ್ಲ, ಮಾತಾಡುತ್ತಲೂ ಇರಲಿಲ್ಲ. ತಗಡಿನ ಮೇಲೆ ಮಳೆ ಹೊಡೆಯುತ್ತಿತ್ತು. ಒಬ್ಬರು ಕಿವಿಯ ಹಿಂದೆ ಅಂಗೈ ಹಿಡಿದಿದ್ದರು. ಮಳೆ ತುಸು ತಗ್ಗಿತು. ದೂರದಲ್ಲೆಲ್ಲೋ ಓಲಗದಂಥ ಸಣ್ಣ ಸದ್ದು ಕೇಳಿ ನಿಂತಿತು. ಕೂತವರೆಲ್ಲ ತಲೆಯಾಡಿಸಿದರು. ಆಮೇಲೆ ಒಮ್ಮೆಲೇ ಎಲ್ಲರೂ ನುಡಿಸತೊಡಗಿದರು. ಆ ಸಂಜೆ ದಿನಚರಿಯಲ್ಲಿ ಬರೆದುಕೊಂಡೆ: "ಅಭ್ಯಾಸಕ್ಕೆ ಮೊದಲು ಏಳು ನಿಮಿಷ ಮೌನ. ಕಾರಣ ತಿಳಿಯಲಿಲ್ಲ. ಪ್ರಾರ್ಥನೆ ಇರಬಹುದು. ಎಲ್ಲೋ ಓಲಗ."

ಅದು ಪ್ರಾರ್ಥನೆಯಾಗಿರಲಿಲ್ಲ. ಏನೆಂದು ತಿಳಿಯಲು ನನಗೆ ಮೂರು ತಿಂಗಳ ಮೇಲೆ ಬೇಕಾಯಿತು. ಅಷ್ಟರಲ್ಲಿ ಒಬ್ಬಳಿಗೆ ಅನ್ಯಾಯ ಮಾಡಿಯಾಗಿತ್ತು.

ನಮ್ಮೂರು ಸಿಂದಗಿಯಲ್ಲಿ ಕೂತು ಇದನ್ನು ಓದುವ ನಿಮಗೆ ಮೊದಲು ನಾನಿರುವ ಜಾಗ ಹೇಳಬೇಕು. ಮಣ್ಣು ಪರೀಕ್ಷೆ ಮಾಡುವ ಸಣ್ಣ ಪ್ರಯೋಗಾಲಯವೊಂದರಲ್ಲಿ ನನ್ನ ಕೆಲಸ. ಹನ್ನೊಂದು ತಿಂಗಳ ಕರಾರು. ಅದು ಮುಗಿಯುವುದು ಮೇ ತಿಂಗಳ ಮೊದಲ ವಾರ. ನಮ್ಮವ್ವ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ವಾರಕ್ಕೆ ಕುಂಕುಮ ಹಚ್ಚಿದ್ದಾಳೆ. ನಮ್ಮ ಕಡೆಯ ಮಣ್ಣು ಕಪ್ಪು, ಒಣಗಿದರೆ ಕೈ ತೂರುವಷ್ಟು ಬಿರುಕು. ಇಲ್ಲಿಯದು ಕೆಂಪು, ಚೀಲದಿಂದ ಸುರಿದರೆ ಎಲೆ, ಬೇರು, ಒಮ್ಮೊಮ್ಮೆ ಇಂಬಳವೂ ಬರುತ್ತದೆ. ಇಂಬಳ ಅಂದರೆ ಜಿಗಣೆ. ಮೊದಲ ತಿಂಗಳು ನನಗೆ ಹತ್ತಿದ್ದು ಇಪ್ಪತ್ತಮೂರು. ರೊಟ್ಟಿ ಕೇಳಿದರೆ ಅಕ್ಕಿಯದು ಕೊಡುತ್ತಾರೆ, ಮೆತ್ತಗಿರುತ್ತದೆ. ನಾನು "ಹೌದ್ರಿ" ಅಂದರೆ ಅಂಗಡಿಯವರು ನಗುತ್ತಾರೆ. ಇನ್ನೊಮ್ಮೆ ಅನ್ನಲಿ ಅಂತಲೇ ಏನಾದರೂ ಕೇಳುತ್ತಾರೆ. ಜುಲೈಯಲ್ಲಿ ಬಿಸಿಲು ಕಂಡದ್ದು ಎರಡು ದಿನ. ಯಾರ ಜೊತೆಗೂ ಐದು ನಿಮಿಷಕ್ಕಿಂತ ಹೆಚ್ಚು ಮಾತಾಡದ ದಿನಗಳು, ಮೊದಲ ಹತ್ತರಲ್ಲಿ ಎಂಟು.

ಹನ್ನೊಂದನೆಯ ದಿನ ಮನೆಯ ಒಡತಿ ಲೀಲಕ್ಕ ಬಾಗಿಲು ಬಡಿದರು. "ಎಷ್ಟು ಅಂತ ಗೋಡೆ ನೋಡ್ತಾ ಕೂರ್ತೀಯ ಮಾರಾಯ್ತಿ, ಬಾ," ಅಂದು ಜೀಪು ಹತ್ತಿಸಿದರು. ಅವರ ತೊಡೆಯ ಮೇಲೆ ಹಾರ್ಮೋನಿಯಂ ಪೆಟ್ಟಿಗೆ ಇತ್ತು.

ಹೋದದ್ದು ಗೋಣಿಬೀಡಿನ ಹತ್ತಿರದ ಒಂದು ಎಸ್ಟೇಟಿಗೆ. ಮಳೆಗಾಲದಲ್ಲಿ ಅಲ್ಲಿಯ ಗೋದಾಮು ಖಾಲಿ. ಹಳೆಯ ಫಸಲು ಮಾರಿಯಾಗಿರುತ್ತದೆ, ಹೊಸದಿನ್ನೂ ಗಿಡದ ಮೇಲಿರುತ್ತದೆ. ಆ ನಡುವಿನ ನಾಲ್ಕು ತಿಂಗಳು, ಪ್ರತಿ ಭಾನುವಾರ ನಾಲ್ಕು ಗಂಟೆಗೆ, ಅದು ಈ ವಾದ್ಯವೃಂದದ ಮನೆ. ಯಾರಿಗೂ ಸಂಬಳವಿಲ್ಲ, ಚಂದಾ ಇಲ್ಲ. ಮೂವತ್ತು ಚಿಲ್ಲರೆ ವರ್ಷಗಳ ಹಿಂದೆ ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾಗಿ ಹೆಂಡತಿಯ ಊರಿಗೆ ಬಂದ ಒಬ್ಬರು ಶುರುಮಾಡಿದರಂತೆ. ಎಲ್ಲರೂ ಅವರನ್ನು ದೊಡ್ಡ ಮೇಷ್ಟ್ರು ಅನ್ನುತ್ತಾರೆ, ಅವರು ಈಗಿಲ್ಲ. ಅವರು ತಂದಿದ್ದು ಎರಡು ಕ್ಲಾರಿನೆಟ್, ಒಂದು ತೂತುಬಿದ್ದ ಹಿತ್ತಾಳೆ ಕೊಂಬು. ಕೊಂಬಿಗೆ ಬೆಸುಗೆ ಹಾಕಿದವನು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ ರಿಪೇರಿ ಮಾಡುವ ಮೆಕ್ಯಾನಿಕ್. ಸ್ವರಗಳನ್ನು ಬರೆದದ್ದು ತೂಕದ ಚೀಟಿಗಳ ಬೆನ್ನ ಮೇಲೆ. ಈಗಲೂ ಅವನ್ನೇ ನೋಡಿ ನುಡಿಸುತ್ತಾರೆ. ಒಂದು ಕಡೆ ಸರಿಗಮ, ತಿರುಗಿಸಿದರೆ ಯಾರೋ ಕೊಯ್ದ ಹಣ್ಣಿನ ಕಿಲೋ.

ಈಗ ನಡೆಸುವವರು ಅವರ ಶಿಷ್ಯ ಹಾಲಪ್ಪ ಮೇಷ್ಟ್ರು, ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಅವರ ಮುಂದೆ ಯಾರೂ ಯಜಮಾನರಲ್ಲ. ಆ ಎಸ್ಟೇಟಿನ ಒಡೆಯ ಮಂಜಪ್ಪಗೌಡರನ್ನೂ ಅವರು "ಎರಡನೇ ಪಿಟೀಲು" ಅಂತಲೇ ಗದರುತ್ತಾರೆ. ಹೊರಗೆ ಕೈಕಟ್ಟಿ ನಿಲ್ಲುವವರು ಒಳಗೆ ಗೌಡರ ಪಕ್ಕದಲ್ಲಿ ಕೂರುತ್ತಾರೆ. ಅವರಲ್ಲೊಬ್ಬಳು ಸುಮಿತ್ರಾ, ಅದೇ ಎಸ್ಟೇಟಿನ ನರ್ಸರಿಯಲ್ಲಿ ಗಿಡ ಕಸಿಮಾಡುವವಳು. ಇಪ್ಪತ್ತಮೂರು ವರ್ಷ, ನನ್ನಷ್ಟೇ. ಮಾತು ಕಡಿಮೆ. ದೊಡ್ಡ ಮೇಷ್ಟ್ರ ಕ್ಲಾರಿನೆಟ್ ಈಗ ಅವಳ ಕೈಯಲ್ಲಿದೆ. ಇಷ್ಟು ವರ್ಷ ಮೂರನೇ ಸಾಲಿನಲ್ಲಿ ಕೂತಿದ್ದ ಅವಳಿಗೆ ಈ ಸಲ, ವರ್ಷಕ್ಕೊಮ್ಮೆ ನಡೆಯುವ ಅಕ್ಟೋಬರ್ ಸಂಗೀತ ಕಚೇರಿಯ ಕೊನೆಯ ಕೃತಿಯನ್ನು ಮುಂದೆ ನಿಂತು ಒಬ್ಬಳೇ ಶುರುಮಾಡುವ ಪಾಲು ಸಿಕ್ಕಿತ್ತು. ಕೂಲಿ ಲೈನಿನಿಂದ, ಅಂದರೆ ಎಸ್ಟೇಟ್ ಕೆಲಸಗಾರರ ಸಾಲುಮನೆಗಳಿಂದ, ಬಂದ ಯಾರಿಗೂ ಮೊದಲು ಅದು ಸಿಕ್ಕಿರಲಿಲ್ಲ. "ನೀನು ಮುಂದೆ ನಿಂತ್ಕಂಡ್ ನುಡ್ಸೋ ವರ್ಷ ಬರ್ತೀನಿ," ಅಂದಿದ್ದಳಂತೆ ಅವಳ ತಾಯಿ ಗಂಗಮ್ಮ.

ನನಗೆ ಯಾವ ವಾದ್ಯವೂ ಬಾರದು. ಅಕ್ಷರ ದುಂಡಗಿದೆ ಎಂದು ಮೊದಲ ದಿನವೇ ಹಾಜರಿ ಪುಸ್ತಕ ಕೊಟ್ಟರು. ಅದನ್ನು ನೋಡಿಕೊಳ್ಳುತ್ತಿದ್ದ ಲೀಲಕ್ಕನಿಗೆ ಕಣ್ಣಿನ ಆಪರೇಷನ್ ಆಗಿತ್ತು. ಪುಸ್ತಕ ಗೆದ್ದಲು ತಿಂದು ಸುಕ್ಕಾಗಿತ್ತು. ನಾನು ಹೊಸದೊಂದು ತಂದು ಸ್ಕೇಲಿನಿಂದ ಗೆರೆ ಹಾಕಿದೆ. ಹಳೆಯದರಲ್ಲಿ 'ದಡ' ಎಂಬ ಒಂದು ಅಂಕಣವಿತ್ತು, ಅಲ್ಲಲ್ಲಿ 'ಆ' ಎಂದು ಬರೆದಿತ್ತು. ಉಪಯೋಗವಿಲ್ಲದ್ದು ಅನ್ನಿಸಿತು, ಬಿಟ್ಟೆ. ಬಂದವರಿಗೆ ಸರಿ ಗುರುತು, ಬಾರದವರಿಗೆ ಸೊನ್ನೆ. ಎಲ್ಲರೂ ಹೊಗಳಿದರು. "ಎಷ್ಟ್ ಚೆಂದ ಬರೀತಾಳೆ, ಓದಕ್ಕೇ ಖುಷಿ," ಅಂದರು ಹಾಲಪ್ಪ ಮೇಷ್ಟ್ರು. ಹೊಸ ಊರಿನಲ್ಲಿ ನನ್ನ ಮೊದಲ ಗೆಲುವು ಎಂದು ಅದನ್ನೂ ದಿನಚರಿಯಲ್ಲಿ ಬರೆದೆ.

ದೊಡ್ಡ ಮೇಷ್ಟ್ರು ಮಾಡಿಟ್ಟ ನಿಯಮ ಒಂದೇ: ಹದಿನಾರು ಅಭ್ಯಾಸಗಳಲ್ಲಿ ಹನ್ನೆರಡಕ್ಕೆ ಬಾರದವರು ಕಚೇರಿಯಲ್ಲಿ ಕೂರುವಂತಿಲ್ಲ, ಗೌಡರಾದರೂ ಅಷ್ಟೇ.

ಸೆಪ್ಟೆಂಬರಿನ ಕೊನೆಯ ಭಾನುವಾರ ಮೇಷ್ಟ್ರು ಕನ್ನಡಕ ಏರಿಸಿ ನನ್ನ ಪಟ್ಟಿ ಓದಿದರು. ಸುಮಿತ್ರಾ, ಹನ್ನೊಂದು. ಅವರು ಓದುವುದನ್ನು ನಿಲ್ಲಿಸಿದರು, ಮತ್ತೊಮ್ಮೆ ನೋಡಿದರು. "ಹನ್ನೊಂದೇನಾ?" "ಹೌದ್ರಿ," ಅಂದೆ. ಸುಮಿತ್ರಾ ಕ್ಲಾರಿನೆಟ್ಟನ್ನು ಐದು ತುಂಡಾಗಿ ಬಿಚ್ಚಿ, ಒಂದೊಂದನ್ನೂ ಒರೆಸಿ, ಪೆಟ್ಟಿಗೆಯಲ್ಲಿಟ್ಟು ಹೊರಟಳು. ಅವಳ ಪಾಲನ್ನು ಪಿಟೀಲಿನಲ್ಲಿ ಮಂಜಪ್ಪಗೌಡರು ನುಡಿಸುವುದೆಂದಾಯಿತು. ಅವರು ನೆಲ ನೋಡುತ್ತಾ ಒಪ್ಪಿಕೊಂಡರು.

ಜೀಪಿನಲ್ಲಿ ಲೀಲಕ್ಕ ಕೇಳಿದರು: "ಅಲ್ಲ, ಆಚೆ ದಡದ್ದು ಸೇರ್ಸಿ ಹನ್ನೊಂದಾ?"

"ಆಚೆ ದಡದ್ದು ಅಂದ್ರ?"

ಅವರು ತಿರುಗಿ ನನ್ನನ್ನು ನೋಡಿದರು. ಆಮೇಲೆ ಹೇಳಿದರು. ಗೋದಾಮಿನ ಹಿಂದೆ ಹೊಳೆ. ಕೂಲಿ ಲೈನು ಇರುವುದು ಅದರಾಚೆ. ನಡುವೆ ಕಾಲುಸಂಕ, ಅಂದರೆ ಮರದ ದಿಮ್ಮಿಗಳ ಸೇತುವೆ. ಮಳೆ ಹೆಚ್ಚಾದ ದಿನ ಸಂಕ ನೀರಿನಡಿ ಹೋಗುತ್ತದೆ. ಅಂಥ ದಿನ ಆಚೆಯವರು ತಮ್ಮ ದಡದಲ್ಲೇ ನಿಂತು, ಮಳೆ ಹೊಳವಾದಾಗ, ಅಂದರೆ ಕೊಂಚ ಬಿಡುವು ಕೊಟ್ಟಾಗ, ತಮ್ಮ ಪಾಲನ್ನು ಊದುತ್ತಾರೆ. ಈಚೆಯವರು ಕಿವಿಗೊಟ್ಟು ಕೇಳುತ್ತಾರೆ. ಕೇಳಿದರೆ ಹಾಜರಿ. ಮೊದಲು ಆಚೆಯವರು ನಾಲ್ವರಿದ್ದರು, ಈಗ ಸುಮಿತ್ರಾ ಒಬ್ಬಳೇ.

"ನಂಗ್ಯಾರೂ ಹೇಳಲಿಲ್ಲಲ್ರಿ."

"ಹೇಳದೇನು ಮಾರಾಯ್ತಿ. ನೀನೂ ಕೂತು ಕೇಳ್ತಿದ್ದೆ."

ನಿಜ, ಕೂತು ಕೇಳಿದ್ದೆ. ಕೇಳಿ ಸೊನ್ನೆ ಹಾಕಿದ್ದೆ. ನಮ್ಮೂರಿನಲ್ಲೂ ಹಳ್ಳವಿದೆ, ಬಾರದಿರುವುದಕ್ಕೆ ಹಳ್ಳವನ್ನು ಕಾರಣ ಹೇಳಿದವರನ್ನು ಮಾತ್ರ ನಾನು ಕಂಡಿಲ್ಲ. ಅಲ್ಲಿ ಬಾರದವರು ಬಾರದವರೇ.

ಮರುದಿನ ಕೆಲಸ ಬೇಗ ಮುಗಿಸಿ ಹೋದೆ. ಸಂಕ ದಾಟಿದ್ದು ಅದೇ ಮೊದಲು, ನಲವತ್ತೊಂದು ಹೆಜ್ಜೆ. ಸುಮಿತ್ರಾ ಮನೆಯ ಮುಂದೆ ಕೂತು ನರ್ಸರಿ ಚಾಕು ಮಸೆಯುತ್ತಿದ್ದಳು. ನಾನು ತಪ್ಪು ಹೇಳಿಕೊಂಡೆ. ಅವಳು ಚಾಕು ನಿಲ್ಲಿಸಲಿಲ್ಲ.

"ತಪ್ಪಾ? ನಾನು ಬೇಕಂತ ಮಾಡಿದ್ದಾರೆ ಅಂದ್ಕಂಡಿದ್ದೆ. ಹೊಸ ಪುಸ್ತಕ, ಹೊಸ ಕಾನೂನು. ಆಚೆ ದಡದ್ದು ಇನ್ಮೇಲೆ ಲೆಕ್ಕಕ್ಕಿಲ್ಲ ಅಂತ."

"ಕೇಳಬೇಕಿತ್ತಲ್ಲ."

"ಯಾರ್ನ ಕೇಳದು? ಒಳಗಿದ್ರೆ ಎರಡನೇ ಪಿಟೀಲು. ಬೆಳಗಾದ್ರೆ ಗೌಡ್ರು."

ಇವತ್ತೇ ತಿದ್ದಿಬಿಡುತ್ತೇನೆ ಎಂದೆ. ಆಗ ಚಾಕು ನಿಂತಿತು. "ತಿದ್ದಬ್ಯಾಡ್ರಿ. ಆಮೇಲೆ ಪಾಪ ಅಂತ ಗೌಡ್ರು ಬಿಟ್ಕೊಟ್ರು ಅಂತಾರೆ. ಬಿಟ್ಕೊಟ್ಟಿದ್ದು ನಂಗೆ ಬ್ಯಾಡ." ನನ್ನ 'ರಿ'ಯನ್ನು ಅವಳು ಅಣಕಿಸಿದ್ದು ಜೀಪು ಹತ್ತಿದ ಮೇಲೆ ಹೊಳೆಯಿತು. ಒಳಗಿಂದ ಗಂಗಮ್ಮ ನಮ್ಮಿಬ್ಬರಿಗೂ ಕಾಫಿ ತಂದಿಟ್ಟು ಏನೂ ಕೇಳದೆ ಹೋಗಿದ್ದರು.

ಕಚೇರಿಗೆ ಒಂದು ವಾರ ಮೊದಲು, ಶನಿವಾರ ಸಂಜೆ, ಒಂದು ಹೆಚ್ಚುವರಿ ಅಭ್ಯಾಸವಿತ್ತು. ಕೇಳುವುದಕ್ಕಾದರೂ ಬಾ ಎಂದು ಲೀಲಕ್ಕ ಸುಮಿತ್ರಾಳಿಗೆ ಹೇಳಿಕಳಿಸಿದ್ದರು. ಅವಳು ಬಂದು ಬಾಗಿಲ ಬಳಿ ನಿಂತಿದ್ದಳು. ತಿದ್ದಬೇಡ ಅಂದಿದ್ದಳು, ಹೇಳಬೇಡ ಅಂದಿರಲಿಲ್ಲ. ನಾನು ಎಲ್ಲರೆದುರು ಎದ್ದುನಿಂತು ಹೇಳಿದೆ: ಅಂಕಣ ಬಿಟ್ಟದ್ದು ನಾನು, ನಾಲ್ಕು ಭಾನುವಾರ ಅವಳು ಊದಿದಾಗ ಸೊನ್ನೆ ಹಾಕಿದ್ದು ನಾನು. ಬೇಸಗೆ ಬಿಸಿಲಿಗೂ ನನ್ನ ಮುಖ ಅಷ್ಟು ಕಾದಿರಲಿಲ್ಲ.

ಮಂಜಪ್ಪಗೌಡರು ಪಿಟೀಲು ಕೆಳಗಿಟ್ಟರು. "ಬೇರೆ ಯಾವ್ದೋ ಭಾನುವಾರ ತಪ್ಸಿದಾಳೆ ಅಂದ್ಕಂಡಿದ್ದೆ ಮಾರಾಯ್ರೆ. ಸರಿ, ಒಂದು ಸೇರಿದ್ರೆ ಹನ್ನೆರಡಾಗುತ್ತೆ. ಮುಗೀತಲ್ಲ."

"ನಾಲ್ಕೂ ಊದಿದ್ದೀನಿ," ಅಂದಳು ಸುಮಿತ್ರಾ ಬಾಗಿಲಿನಿಂದ.

ಹಾಲಪ್ಪ ಮೇಷ್ಟ್ರು ಪುಸ್ತಕ ಮುಚ್ಚಿದರು. "ಬರೆದಿದ್ದನ್ನ ಸುಮ್ನೆ ಅಳಿಸೋ ಹಾಗಿಲ್ಲ. ದಡದ ಹಾಜರಿಗೆ ಕಿವಿಯೇ ಪುಸ್ತಕ. ಒಂದೊಂದು ಭಾನುವಾರಕ್ಕೂ ಕೇಳ್ದೋರು ಹೇಳ್ಲಿ. ಜೂನಿಂದು?"

"ನಾನು," ಅಂದರು ಲೀಲಕ್ಕ. "ನಾವಿನ್ನೂ ಪೆಟ್ಟಿಗೆ ತೆಗೀತಿದ್ವಿ, ಅಷ್ಟರಲ್ಲೇ ಅವಸರ ಬಿದ್ದು ಶುರುಮಾಡಿ, ಮತ್ತೆ ನಿಲ್ಸಿ, ಮಳೆ ಹೊಳವಾದ ಮೇಲೆ ಮೊದಲಿಂದ ಊದಿದ್ಲು."

"ಜುಲೈ ಎರಡನೇ ಭಾನುವಾರ?"

"ನಾನು ಕೇಳಿದೀನಿ," ಅಂದರು ಮಂಜಪ್ಪಗೌಡರು. "ಮೇಲಿನ ಷಡ್ಜಕ್ಕೆ ಹೋಗುವಾಗ ಪೀಪಿ ಕೀಂಯ್ ಅಂತು."

"ಅದು ಪೀಪಿ ರೀಡು ಮಳೇಲಿ ನೆಂದಿತ್ತು," ಅಂದಳು ಸುಮಿತ್ರಾ.

"ನೆಂದಿದ್ದಕ್ಕೇ ಹೇಳ್ತಿರದು. ಸರಿಯಾಗಿ ಊದಿದ್ರೆ ನಂಗೆ ನೆನಪಿರ್ತಿರ್ಲಿಲ್ಲ."

ಗೋದಾಮು ನಕ್ಕಿತು, ಸುಮಿತ್ರಾ ಕೂಡ. ಜುಲೈ ಕೊನೆಯದಕ್ಕೆ ಇಬ್ಬರು ಮುಂದೆ ಬಂದರು. ಅವಳು ಎರಡನೇ ಸಾಲು ಬಿಟ್ಟು ಮೂರನೆಯದಕ್ಕೆ ಹಾರಿದ್ದಳೆಂದು ಇಬ್ಬರೂ ಹೇಳಿದರು. ಒಬ್ಬೊಬ್ಬರು ಅವಳ ಒಂದೊಂದು ತಪ್ಪನ್ನು ಇಷ್ಟು ದಿನ ಜೋಪಾನ ಮಾಡಿಟ್ಟುಕೊಂಡಿದ್ದರು.

ಉಳಿದದ್ದು ಆಗಸ್ಟಿನದು. ಆ ದಿನ ಮಳೆ ವಿಪರೀತ, ಕೇಳಿಸಿತ್ತೋ ಇಲ್ಲವೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ನಾನು ದಿನಚರಿ ತಂದಿದ್ದೆ. ಆ ಪುಟದಲ್ಲಿ ಇದ್ದದ್ದನ್ನು ಓದಿದೆ: "ನಾಲ್ಕು ಹತ್ತಕ್ಕೆ ಮತ್ತೆ ಓಲಗ, ಎರಡು ನಿಮಿಷ. ಆಷಾಢ ಕಳೆದ ಕೂಡಲೇ ಇಲ್ಲಿಯವರಿಗೆ ಮದುವೆಯ ಅವಸರ."

ನಗು ನಿಂತ ಮೇಲೆ ಮೇಷ್ಟ್ರು ಕೇಳಿದರು: "ಎಲ್ಲಿಗೆ ನಿಲ್ತು ಅದು?"

"ನಂಗ ಸ್ವರ ಬರೂದಿಲ್ರಿ."

"ಕಿವಿ ಇದೆಯಲ್ಲ. ಹಾಡು."

ಆ ಗೋದಾಮಿನಲ್ಲಿ ನಾನು ಹಾಡಲು ಬಾಯಿ ತೆರೆದದ್ದು ಅದೊಂದೇ ಸಲ. ಹಾಡಿದ್ದು ಐದಾರು ಸ್ವರವಿರಬಹುದು, ಶ್ರುತಿಯಂತೂ ಇರಲಿಲ್ಲ. ಕೊನೆಯದನ್ನು ಇಳಿಸದೆ ಮೇಲೆಯೇ ಬಿಟ್ಟೆ, ಏಕೆಂದರೆ ಅದು ಅಲ್ಲೇ ತುಂಡಾಗಿತ್ತು.

"ಅಲ್ಲೇ," ಅಂದಳು ಸುಮಿತ್ರಾ. "ಅಲ್ಲಿಗೆ ಗಾಳಿ ಛತ್ರಿ ಹಾರಿಸ್ಕಂಡ್ ಹೋಯ್ತು."

ಹಾಲಪ್ಪ ಮೇಷ್ಟ್ರು ನನ್ನ ಸ್ಕೇಲಿನ ಗೆರೆಗಳ ಪಕ್ಕ ಕೈಯಿಂದಲೇ ಒಂದು ಸೊಟ್ಟ ಗೆರೆ ಎಳೆದು 'ದಡ' ಎಂದು ಬರೆದರು. ಅದರ ಕೆಳಗೆ ನಾಲ್ಕು 'ಆ'. ಒಟ್ಟು ಹದಿನೈದು. ಮಂಜಪ್ಪಗೌಡರು ಸ್ವರದ ಚೀಟಿಯನ್ನು ತಮ್ಮ ಮುಂದಿನಿಂದ ತೆಗೆದು ಅವಳಿಗೆ ಕೊಟ್ಟರು. "ತಗೋ. ಇನ್ನೊಂದ್ ವಾರ ಇದನ್ನ ಇಟ್ಕಂಡಿದ್ರೆ ನಂಗೆ ಜ್ವರ ಬರ್ತಿತ್ತು."

ಕಚೇರಿ ಅಕ್ಟೋಬರಿನ ಎರಡನೆಯ ಭಾನುವಾರ, ಮಧ್ಯಾಹ್ನ ಮೂರೂವರೆಗೆ, ಗೋದಾಮಿನ ಮುಂದಿನ ಕಣದಲ್ಲಿ ನಡೆಯಿತು. ನಮ್ಮಲ್ಲಿ ಜೋಳ ಒಕ್ಕುವ ಜಾಗವನ್ನು ಕಣ ಅನ್ನುತ್ತೇವೆ. ಇಲ್ಲಿಯ ಕಣ ಕಾಫಿ ಒಣಗಿಸುವ ಸಿಮೆಂಟಿನ ಅಂಗಳ. ಅದರ ಮೇಲೆ ಚಪ್ಪಲಿ ಹಾಕುವಂತಿಲ್ಲ, ಯಾರೇ ಬಂದರೂ ಅಂಚಿನಲ್ಲಿ ಬಿಡಬೇಕು. ನಾನು ಜನರನ್ನು ಎಣಿಸದೆ ಚಪ್ಪಲಿ ಎಣಿಸಿದೆ: ನೂರ ಎಂಬತ್ತಾರು ಜೊತೆ. ಗೌಡರ ಮನೆಯ ಹೆಂಗಸರು, ಮೇಸ್ತ್ರಿಗಳು, ಹಣ್ಣು ಕೊಯ್ಯುವವರು, ಎಲ್ಲರೂ ಬರಿಗಾಲಿನಲ್ಲಿ ಬೆಚ್ಚಗಿನ ಸಿಮೆಂಟಿನ ಮೇಲೆ ಕೂತಿದ್ದರು. ಪಿಟೀಲುಗಳು ಎರಡು ಸಲ ದಾರಿ ತಪ್ಪಿದವು. ಕೊಂಬಿನ ಬೆಸುಗೆಯಿಂದ ಗಾಳಿ ಸೋರುವುದು ನಾಲ್ಕನೇ ಸಾಲಿನವರೆಗೂ ಕೇಳಿತು. ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ನಾನು ನಮ್ಮೂರಿನಲ್ಲಿ ಕೇಳಿದ ಕಚೇರಿಗಳಲ್ಲಿ ನುಡಿಸುವವರು ಬೇರೆ ಊರಿನಿಂದ ಬಂದು, ನುಡಿಸಿ, ಊಟ ಮಾಡಿ ಹೋಗುತ್ತಿದ್ದರು. ಇಲ್ಲಿ ನುಡಿಸುವವರು ಸೋಮವಾರ ಬೆಳಗ್ಗೆ ಅದೇ ಬಸ್ಸಿನಲ್ಲಿ ಕೇಳಿದವರ ಪಕ್ಕ ಕೂರಬೇಕು.

ಕೊನೆಯ ಕೃತಿಗೆ ಸುಮಿತ್ರಾ ಮುಂದೆ ಬಂದು ನಿಂತಳು. ಮೊದಲ ಸಾಲಿನಲ್ಲಿ ಗಂಗಮ್ಮ, ಕಾಲು ಚಾಚಿ, ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದರು. ಮೂರು ನಿಮಿಷ ಕ್ಲಾರಿನೆಟ್ ಒಂದೇ. ಮೇಲಿನ ಷಡ್ಜ ಹತ್ತಿರ ಬಂದಾಗ ಮಂಜಪ್ಪಗೌಡರು ಕಣ್ಣು ಮುಚ್ಚಿದ್ದನ್ನು ನೋಡಿದೆ. ಸ್ವರ ಹೋಗಿ ನಿಂತಿತು, ಅಲುಗದೆ. ಆಮೇಲೆ ಉಳಿದ ಹದಿನೇಳು ವಾದ್ಯ ಅದರ ಕೆಳಗೆ ಬಂದು ಸೇರಿದವು.

ಮುಗಿದ ಮೇಲೆ ಚಪ್ಪಲಿ ಹುಡುಕುವ ಗದ್ದಲದಲ್ಲಿ ಸುಮಿತ್ರಾ ನನ್ನನ್ನು ತಾಯಿಯ ಹತ್ತಿರ ಕರೆದೊಯ್ದಳು. "ಅವ್ವಾ, ಇವ್ರೇ ನನ್ನ ಹೆಸ್ರು ಹೊಡೆದಾಕಿದ್ದು."

ಗಂಗಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅವತ್ತು ಕಾಫಿ ಕೊಟ್ಟೆನಲ್ಲ, ಆ ಹುಡುಗಿ. ನಿಮ್ಮೂರಲ್ಲಿ ಹೊಳೆ ಇಲ್ವಾ ಮಗಾ?"

"ಐತ್ರಿ. ವರ್ಷದಾಗ ಎಂಟು ತಿಂಗಳು ಅದರಾಗ ದನ ಕಟ್ಟತಾರ."

"ಹಂಗಾರೆ ನಿಂಗ್ ಗೊತ್ತಾಗಕ್ಕಿಲ್ಲ ಬಿಡು." ಅವರು ನನ್ನ ಭುಜ ಹಿಡಿದು ಎದ್ದರು, ಎದ್ದ ಮೇಲೂ ಬಿಡಲಿಲ್ಲ. "ಈಗ ಗೊತ್ತಾತಲ್ಲ. ಮುಂದಿನ ಮಳೇಲಿ ಸರಿಯಾಗಿ ಬರಿ. ಇರ್ತೀಯಲ್ಲ?"

"ಇರ್ತೀನಿ," ಅಂದೆ.

ಅವತ್ತು ದಿನಚರಿಯಲ್ಲಿ ಚಪ್ಪಲಿ ಜೊತೆಗಳು, ಕೃತಿಗಳ ಸಂಖ್ಯೆ, ಮಳೆ ಬಾರದ್ದು, ಎಲ್ಲ ಬರೆದೆ. 'ಇರ್ತೀನಿ' ಎಂಬ ಆ ಒಂದು ಮಾತು ಬರೆಯಲಿಲ್ಲ. ವಾರಕ್ಕೆರಡು ಸಲ ಫೋನಿನಲ್ಲಿ ಅವ್ವ ಇನ್ನೆಷ್ಟು ದಿನ ಎಂದು ಕೇಳುತ್ತಾಳೆ, ನಾನು ಸರಿಯಾದ ಸಂಖ್ಯೆಯನ್ನೇ ಹೇಳುತ್ತೇನೆ. ಅದೂ ಸುಳ್ಳಲ್ಲ. ಇದು ನಿಮ್ಮ ಕೈಗೆ ಬಂದಾಗ ಯಾರಾದರೂ ಅವಳಿಗೆ ಓದಿ ಹೇಳುತ್ತೀರಿ, ನನಗೆ ಗೊತ್ತು. ಗಂಗಮ್ಮನ ಮಾತಿನವರೆಗೆ ಓದಿ ಸ್ವಲ್ಪ ನಿಲ್ಲಿಸಿ. ಅವಳು ಕ್ಯಾಲೆಂಡರ್ ಕಡೆ ನೋಡಿದರೆ ನೋಡಲಿ. ಉಳಿದದ್ದನ್ನು ನಾನೇ ಫೋನ್ ಮಾಡಿ ಹೇಳುತ್ತೇನೆ. ಏನು ಹೇಳಬೇಕೆಂದು ಇನ್ನೂ ತಿಳಿದಿಲ್ಲ.